ಅನಿವಾಸಿ ಯಾರು, ಪರದೇಶಿ ಯಾರು?

ನನ್ನ ಸೋದರತ್ತೆಯ ಮಗ ಬೆಂಗಳೂರಿನಿಂದ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ಗೆ ಕೆಲಸಕ್ಕೆ ಹೋದ ಮೊದಲ ತಿಂಗಳು ಗಾಬರಿಯಿಂದ ನನಗೆ ಫೋನ್ ಮಾಡಿದ್ದ. ಸಂಬಳದ ಚೀಟಿ ಕೈಗೆ ಬಂದಿತ್ತು. ಅದರಲ್ಲಿ ಸಂಬಳದ ಶೇ. 30 ಭಾಗಕ್ಕೆ ತೆರಿಗೆಯೇ ಬಿದ್ದಿರಲಿಲ್ಲ. ಎಲ್ಲೋ ಲೆಕ್ಕ ತಪ್ಪಿದೆ, ನಾಳೆ ಬಡ್ಡಿ ಸಮೇತ ವಸೂಲಿ ಮಾಡುತ್ತಾರೆ ಎಂದು ಅವನ ದಿಗಿಲು. ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿದ. ಈ ಸಲ ದನಿಯಲ್ಲಿ ನಗುವಿತ್ತು. ತಪ್ಪೇನೂ ಆಗಿರಲಿಲ್ಲ, ಅದು ಅಲ್ಲಿನ ಕಾನೂನು. ‘ದೂರದಿಂದ ಬಂದಿದ್ದೀನಲ್ಲ, ಅದಕ್ಕೆ’ ಎಂದ.

ಅವನು ಹೇಳಿದ್ದು ನಿಜ. ಹೊರದೇಶದಿಂದ ಕರೆಸಿಕೊಂಡ, ವಿಶೇಷ ಕೌಶಲವುಳ್ಳ ನೌಕರರಿಗೆ ಡಚ್ ಸರ್ಕಾರ ಕೊಡುವ ಸವಲತ್ತು ಅದು. ಪರಸ್ಥಳದಲ್ಲಿ ಸಂಸಾರ ಹೂಡುವ ಖರ್ಚಿಗೆಂದು ಸಂಬಳದ ಒಂದು ಭಾಗವನ್ನು ತೆರಿಗೆಯಿಂದ ಬಿಡುತ್ತಾರೆ. 2001ಕ್ಕೆ ಮೊದಲು ಆ ಭಾಗ ಶೇ. 35 ಇತ್ತು, ಆಮೇಲೆ 30 ಆಯಿತು. ಹತ್ತು ವರ್ಷ ಸಿಗುತ್ತಿದ್ದದ್ದು 2012ರಲ್ಲಿ ಎಂಟಕ್ಕೆ, 2019ರಲ್ಲಿ ಐದಕ್ಕೆ ಇಳಿಯಿತು. 2012ರಿಂದ ಇನ್ನೊಂದು ಷರತ್ತೂ ಸೇರಿದೆ: ನೌಕರ ಅಲ್ಲಿಗೆ ಬರುವ ಮುಂಚೆ ಡಚ್ ಗಡಿಯಿಂದ 150 ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿ ಇದ್ದಿರಬೇಕು. ಬೆಂಗಳೂರಿನವರಿಗೆ ಇದರಲ್ಲಿ ಅಡ್ಡಿಯಿಲ್ಲ.

ಐಂಡ್‌ಹೋವನ್ ನಮಗೆ ತೀರ ಅಪರಿಚಿತ ಊರೇನಲ್ಲ. 1891ರಲ್ಲಿ ಫಿಲಿಪ್ಸ್ ಕಂಪನಿ ಹುಟ್ಟಿದ್ದು ಅಲ್ಲಿ. ಚಿಪ್ ತಯಾರಿಸುವ ಯಂತ್ರಗಳನ್ನು ಕಟ್ಟುವ ಎಎಸ್‌ಎಂಎಲ್ ಇರುವುದು ಅದರ ಮಗ್ಗುಲಿನ ವೆಲ್ಡ್‌ಹೋವನ್‌ನಲ್ಲಿ. ಕನ್ನಡದ ಮನೆಗಳಿಂದ ಹೋದ ಎಂಜಿನಿಯರುಗಳು ಆ ಸೀಮೆಯಲ್ಲಿ ಸಾಕಷ್ಟು ಮಂದಿ ಇದ್ದಾರೆ. ಆದ್ದರಿಂದ ಕೆಲವು ವರ್ಷಗಳ ನಂತರ ಅದೇ ಊರಿನ ಹೆಸರು ಬೇರೊಂದು ಸಂದರ್ಭದಲ್ಲಿ ಕಣ್ಣಿಗೆ ಬಿದ್ದಾಗ ನಾನು ಅಲ್ಲೇ ನಿಂತೆ. ಹೊರಗಿನಿಂದ ಬಂದ ಇನ್ನೊಂದು ಬಗೆಯ ಜನರನ್ನು ಅದೇ ತೆರಿಗೆ ಕಚೇರಿ ಮೋಸಗಾರರೆಂದು ಗುರುತು ಹಾಕಿ ಸಾಲದಲ್ಲಿ ಮುಳುಗಿಸಿದ ಕಥೆ ಅದು. ಆ ಕಥೆ ಕೊನೆಗೆ ಒಂದು ಸರ್ಕಾರವನ್ನೇ ಕೆಡವಿತು.

ನಾನು ಭಾಷಾಂತರದ ಕೆಲಸ ಮಾಡುವವಳಾದ್ದರಿಂದ ಮೊದಲು ಹುಡುಕಿದ್ದು ಪದಗಳನ್ನು. ಪರದೇಶದಲ್ಲಿ ದುಡಿಯುವವರಿಗೆ ಕನ್ನಡದಲ್ಲಿ ಎರಡು ಮಾತಿವೆ. ‘ಅನಿವಾಸಿ’ ಎಂದರೆ ಕೋಟು ತೊಟ್ಟು, ಊರಿನ ಶಾಲೆಗೆ ಕಂಪ್ಯೂಟರ್ ಕೊಡಿಸುವವರು ನೆನಪಾಗುತ್ತಾರೆ. ‘ಪರದೇಶಿ’ ಎಂದರೆ ದಿಕ್ಕಿಲ್ಲದವನು. ಎರಡೂ ಪದಗಳ ಅಕ್ಷರಾರ್ಥ ಹೆಚ್ಚುಕಡಿಮೆ ಒಂದೇ. ಡಚ್ಚರಲ್ಲೂ ಹೀಗೆಯೇ. ನನ್ನ ಭಾವನಂಥವರು ‘ಎಕ್ಸ್‌ಪ್ಯಾಟ್’. ಟರ್ಕಿ, ಮೊರಾಕ್ಕೊ ಮೂಲದ ಮನೆಗಳವರು, ಅಲ್ಲೇ ಹುಟ್ಟಿದ್ದರೂ, ಬಹುಕಾಲ ‘ಆಲೊಖ್ತೋನ್’, ಅಂದರೆ ಬೇರೆ ಮಣ್ಣಿನವರು. ಈ ಪದವನ್ನು ಸರ್ಕಾರಿ ಅಂಕಿಅಂಶ ಇಲಾಖೆ ಬಿಡಲು ತೀರ್ಮಾನಿಸಿದ್ದು 2016ರಲ್ಲಿ.

ಅವರು ಅಲ್ಲಿಗೆ ಬಂದದ್ದು ಹೇಗೆ? ಡಚ್ಚರೇ ಕರೆದರು. ಎರಡನೇ ಮಹಾಯುದ್ಧದ ನಂತರ ಕಾರ್ಖಾನೆಗಳಿಗೆ ಆಳು ಸಾಲದೆ 1964ರಲ್ಲಿ ಟರ್ಕಿಯೊಂದಿಗೆ, 1969ರಲ್ಲಿ ಮೊರಾಕ್ಕೊ ಜೊತೆ ಒಪ್ಪಂದ ಮಾಡಿಕೊಂಡು ಕೂಲಿಕಾರರನ್ನು ಕರೆತಂದರು. ಅವರನ್ನು ‘ಅತಿಥಿ ಕೆಲಸಗಾರರು’ ಎಂದು ಕರೆದರು, ಅಂದರೆ ಒಂದು ದಿನ ವಾಪಸಾಗುವವರು. ಅತಿಥಿಗಳಿಗೆ ಯಾರೂ ಶೇ. 30ರ ರಿಯಾಯಿತಿ ಕೊಡಲಿಲ್ಲ. ಅವರೂ ಉಳಿದವರಂತೆ ಸಂಬಳದಿಂದ ವಿಮೆಯ ಹಣ ಕಟ್ಟಿದರು. 1970, 80ರ ದಶಕಗಳಲ್ಲಿ ಬಟ್ಟೆ ಗಿರಣಿಗಳೂ ಹಳೆಯ ಉದ್ಯಮಗಳೂ ಮುಚ್ಚಿದಾಗ ಅನೇಕರು ಅಂಗವೈಕಲ್ಯ ಭತ್ಯೆಗೋ ನಿರುದ್ಯೋಗ ಭತ್ಯೆಗೋ ಬಿದ್ದರು. ಕೆಲವರು ಆ ಹಣವನ್ನು ಆಧಾರವಾಗಿ ಹಿಡಿದು ಊರಿಗೆ ಮರಳಿದರು. ಇನ್ನು ಕೆಲವರ ಮಕ್ಕಳು ಊರಲ್ಲೇ ಉಳಿದಿದ್ದರು, ಮಕ್ಕಳ ಭತ್ಯೆ ಗಡಿ ದಾಟಿ ಅಲ್ಲಿಗೆ ಹೋಗುತ್ತಿತ್ತು.

ಇಲ್ಲಿಂದ ಸರ್ಕಾರದ ತಲೆನೋವು ಶುರು. ಗಡಿಯಾಚೆ ಕುಳಿತು ಭತ್ಯೆ ಪಡೆಯುವವರು ಬದುಕಿದ್ದಾರೋ, ಮದುವೆಯಾದರೋ, ಬೇರೆ ಕಡೆ ದುಡಿಯುತ್ತಿದ್ದಾರೋ ತಿಳಿಯುವುದು ಹೇಗೆ? ಪ್ರತಿ ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರಕ್ಕಾಗಿ ಬ್ಯಾಂಕಿಗೆ ಹೋಗುವ ನಮ್ಮ ಪಿಂಚಣಿದಾರರಿಗೆ ಈ ಪ್ರಶ್ನೆ ಹೊಸದಲ್ಲ. ಸುಳ್ಳು ಹೇಳಿ ಹಣ ಪಡೆದವರೂ ಇದ್ದರು, ಅದನ್ನು ಮುಚ್ಚಿಡಬೇಕಾಗಿಲ್ಲ. 2000ದ ಜನವರಿಯಲ್ಲಿ ಜಾರಿಯಾದ ಡಚ್ ಕಾನೂನೊಂದು, ಪರಿಶೀಲನೆಗೆ ಸಹಕರಿಸುವ ಒಪ್ಪಂದ ಮಾಡಿಕೊಂಡ ದೇಶಗಳಿಗೆ ಮಾತ್ರ ಭತ್ಯೆ ಕಳಿಸುತ್ತೇವೆ ಎಂದಿತು. 2012ರ ಕಾನೂನು ಇನ್ನೂ ಮುಂದೆ ಹೋಗಿ, ಮಗು ವಾಸಿಸುವ ದೇಶದ ಜೀವನವೆಚ್ಚಕ್ಕೆ ತಕ್ಕಂತೆ ಭತ್ಯೆ ತಗ್ಗಿಸಿತು. ಈ ಎರಡು ಕಾನೂನುಗಳ ನಡುವಿನ ಹನ್ನೆರಡು ವರ್ಷಗಳಲ್ಲಿ ‘ಹೊರಗಿನವರು’ ಮತ್ತು ‘ಭತ್ಯೆ ಮೋಸ’ ಎಂಬ ಎರಡು ಮಾತುಗಳು ಡಚ್ ರಾಜಕೀಯದಲ್ಲಿ ಅಂಟಿಕೊಂಡವು.

ಇದೇ ಅವಧಿಯಲ್ಲಿ ಇನ್ನೊಂದು ಬದಲಾವಣೆ ಆಯಿತು. 2005ರಲ್ಲಿ ಮನೆಬಾಡಿಗೆ, ಆರೋಗ್ಯ ವಿಮೆ, ಶಿಶುವಿಹಾರದ ಶುಲ್ಕಗಳಿಗೆ ಕೊಡುವ ಸಹಾಯಧನವನ್ನು ತೆರಿಗೆ ಕಚೇರಿಗೇ ವಹಿಸುವ ಕಾನೂನು ಬಂತು. ಯೋಚನೆ ಸರಳವಾಗಿತ್ತು: ಜನರ ಆದಾಯ ಗೊತ್ತಿರುವುದು ತೆರಿಗೆ ಕಚೇರಿಗೆ, ಅವರೇ ಕೊಡಲಿ. ಪದ್ಧತಿ ಹೀಗೆ. ಈ ವರ್ಷ ಇಷ್ಟು ದುಡಿಯುತ್ತೇನೆ, ಮಗುವನ್ನು ಇಷ್ಟು ಗಂಟೆ ಶಿಶುವಿಹಾರದಲ್ಲಿ ಬಿಡುತ್ತೇನೆ ಎಂದು ನೀವೇ ಅಂದಾಜು ಬರೆದುಕೊಡಬೇಕು. ಪ್ರತಿ ತಿಂಗಳು ಮುಂಗಡ ಬರುತ್ತದೆ. ವರ್ಷ ಕಳೆದ ಮೇಲೆ ನಿಜವಾದ ಲೆಕ್ಕ ನೋಡಿ, ಹೆಚ್ಚಾದದ್ದನ್ನು ಹಿಂದಕ್ಕೆ ಕೇಳುತ್ತಾರೆ. ಮೊದಲು ದುಡ್ಡು, ಆಮೇಲೆ ಪರಿಶೀಲನೆ. ಸರ್ಕಾರಿ ನೌಕರಿಯವರಿಗೆ ಇದರಿಂದ ತೊಂದರೆಯಿಲ್ಲ, ಮುಂದಿನ ಡಿಸೆಂಬರಿನ ಸಂಬಳ ಎಷ್ಟೆಂದು ಅವರು ಇವತ್ತೇ ಹೇಳಬಲ್ಲರು. ನನ್ನಂತೆ ಪುಟಕ್ಕಿಷ್ಟೆಂದು ದುಡಿಯುವವರಿಗೋ, ಪಾಳಿ ಬದಲಾಗುವ ದಾದಿಗೋ, ಸ್ವಚ್ಛತಾ ಕೆಲಸದವರಿಗೋ ಹಾಗೆ ಹೇಳುವುದು ಆಗುವ ಮಾತಲ್ಲ.

ಈ ವ್ಯವಸ್ಥೆಯ ಬಾಗಿಲು ಎಷ್ಟು ಸಡಿಲವಿದೆ ಎಂದು ಮೊದಲು ತಿಳಿದುಕೊಂಡವರು ವೃತ್ತಿಪರ ಮೋಸಗಾರರು. 2013ರ ಏಪ್ರಿಲ್‌ನಲ್ಲಿ ಡಚ್ ಟಿವಿಯಲ್ಲಿ ಒಂದು ವರದಿ ಬಂತು. ಬಲ್ಗೇರಿಯಾದ ಬಡ ಹಳ್ಳಿಗಳಿಂದ ಜನರನ್ನು ಒಂದು ಜಾಲ ನೆದರ್ಲೆಂಡ್ಸ್‌ಗೆ ಕರೆತರುತ್ತಿತ್ತು. ರಾಟರ್‌ಡಾಮ್‌ನಂಥ ಊರಿನಲ್ಲಿ ಯಾವುದೋ ವಿಳಾಸಕ್ಕೆ ಅವರ ಹೆಸರು ನೋಂದಾಯಿಸಿ, ಬ್ಯಾಂಕ್ ಖಾತೆ ತೆರೆಸಿ, ಬಾಡಿಗೆ ಮತ್ತು ಆರೋಗ್ಯ ವಿಮೆಯ ಸಹಾಯಧನಕ್ಕೆ ಅರ್ಜಿ ಹಾಕಿಸುತ್ತಿತ್ತು. ಹಿಂದಿನ ತಿಂಗಳುಗಳ ಬಾಕಿಯೂ ಸೇರಿ ಹಣ ಬರುತ್ತಿತ್ತು. ಹಳ್ಳಿಯವರು ಪುಡಿಗಾಸು ಪಡೆದು ಊರಿಗೆ ಮರಳುತ್ತಿದ್ದರು, ಉಳಿದದ್ದು ಜಾಲದವರ ಕೈಸೇರುತ್ತಿತ್ತು. ಆಗಿನ ಅಂದಾಜಿನಂತೆ ಹೋದದ್ದು ಸುಮಾರು 40 ಲಕ್ಷ ಯೂರೊ. ಈ ಸಹಾಯಧನಗಳ ಒಟ್ಟು ಮೊತ್ತ ವರ್ಷಕ್ಕೆ ಸಾವಿರ ಕೋಟಿ ಯೂರೊ ಮೀರುವ ದೇಶದಲ್ಲಿ ಅದು ದೊಡ್ಡ ಮೊತ್ತವಲ್ಲ. ಆದರೆ ಮುಗ್ಧ ತೆರಿಗೆದಾರನ ದುಡ್ಡು ಬಸ್ಸು ಹತ್ತಿ ಬಲ್ಗೇರಿಯಾಕ್ಕೆ ಹೋಯಿತು ಎಂಬ ಚಿತ್ರ ಜನರ ಹೊಟ್ಟೆ ಉರಿಸಿತು. ಉರಿಸದೆ ಇರುತ್ತದೆಯೇ?

ಸಂಸತ್ತಿನಲ್ಲಿ ಗದ್ದಲವೆದ್ದಿತು. ತೆರಿಗೆ ಕಚೇರಿಯ ಹೊಣೆ ಹೊತ್ತಿದ್ದ ಹಣಕಾಸು ಖಾತೆಯ ಕಿರಿಯ ಮಂತ್ರಿ ಫ್ರಾನ್ಸ್ ವೇಕರ್ಸ್ ಮೇಲೆ ಅವಿಶ್ವಾಸದ ಮಾತು ಬಂತು. ಮೇ ತಿಂಗಳ ಚರ್ಚೆಯಲ್ಲಿ ಅವರು ಹೇಗೋ ಪಾರಾದರು. ಎಲ್ಲ ಪಕ್ಷಗಳೂ ಕೇಳಿದ್ದು ಒಂದೇ, ಇನ್ನು ಬಿಗಿ ಮಾಡಿ. ಪ್ರಧಾನಿ ಮಾರ್ಕ್ ರುಟ್ಟೆ ಅವರ ಅಧ್ಯಕ್ಷತೆಯಲ್ಲೇ ಮೋಸ ತಡೆಯುವ ಮಂತ್ರಿಗಳ ಸಮಿತಿ ಹುಟ್ಟಿತು. 2014ರ ಜನವರಿಗೆ ಹೊಸ ಕಾನೂನು ಬಂತು. ತೆರಿಗೆ ಕಚೇರಿಯಲ್ಲಿ ಮೋಸದ ಬೆನ್ನುಹತ್ತುವ ತಂಡವೂ ಸಿದ್ಧವಾಯಿತು. ಮೋಸ ಪತ್ತೆಗೆ ಕೊಟ್ಟ ಹೆಚ್ಚುವರಿ ಸಿಬ್ಬಂದಿಯ ವೆಚ್ಚವನ್ನು ಪತ್ತೆಯಾದ ಹಣದಿಂದಲೇ ಸರಿದೂಗಿಸಬೇಕು ಎಂಬ ಲೆಕ್ಕವೂ ಅದರ ಜೊತೆಗೆ ಬಂತು. ಬೇಟೆ ಸಿಗದಿದ್ದರೆ ಬೇಟೆಗಾರನ ಸಂಬಳಕ್ಕೆ ಕುತ್ತು.

ಅದೇ ವರ್ಷ, ಅದೇ ಮಂತ್ರಿ ಇನ್ನೊಂದು ಕೆಲಸ ಮಾಡಿದರು. ಅದರ ಬಗ್ಗೆ ಅಷ್ಟು ಗದ್ದಲವಾಗಲಿಲ್ಲ.

ಸ್ವಿಟ್ಜರ್ಲೆಂಡ್, ಲಕ್ಸೆಂಬರ್ಗ್‌ಗಳಲ್ಲಿ ಗುಟ್ಟಾಗಿ ಹಣವಿಟ್ಟು ತೆರಿಗೆ ತಪ್ಪಿಸುತ್ತಿದ್ದ ಡಚ್ಚರಿಗೆ ಅಲ್ಲಿ ‘ಕಪ್ಪು ಉಳಿತಾಯಗಾರರು’ ಎನ್ನುತ್ತಾರೆ. 2009ರಲ್ಲಿ ಸ್ವಿಸ್ ಬ್ಯಾಂಕ್ ಯುಬಿಎಸ್ ಅಮೆರಿಕಕ್ಕೆ 78 ಕೋಟಿ ಡಾಲರ್ ಕಟ್ಟಿ, ಗ್ರಾಹಕರ ಹೆಸರುಗಳನ್ನೂ ಒಪ್ಪಿಸಿದ ಮೇಲೆ ಬ್ಯಾಂಕ್ ಗೌಪ್ಯದ ಕಾಲ ಮುಗಿಯುತ್ತಾ ಬಂದಿತ್ತು. ದೇಶಗಳು ಖಾತೆಗಳ ಮಾಹಿತಿಯನ್ನು ತಾವಾಗಿಯೇ ಹಂಚಿಕೊಳ್ಳುವ ವ್ಯವಸ್ಥೆ ಹತ್ತಿರವಾಗುತ್ತಿತ್ತು. ಸಿಕ್ಕಿಬೀಳುವ ಮುಂಚೆ ತಾವಾಗಿಯೇ ಬಂದು ಒಪ್ಪಿಕೊಳ್ಳಲಿ ಎಂದು ವೇಕರ್ಸ್ 2013ರ ಸೆಪ್ಟೆಂಬರ್ 2ರಿಂದ ಒಂದು ಅವಕಾಶ ತೆರೆದರು. 2014ರ ಜುಲೈ 1ರ ಒಳಗೆ ಬಚ್ಚಿಟ್ಟ ಹಣ ಘೋಷಿಸಿದವರು ಹಳೆಯ ತೆರಿಗೆ, ಬಡ್ಡಿ ಕಟ್ಟಿದರೆ ಸಾಕು. ದಂಡವಿಲ್ಲ. ಆ ತಾರೀಕಿನ ನಂತರ ಬಂದವರಿಗೂ ಶೇ. 30 ದಂಡ, ಮತ್ತೊಂದು ವರ್ಷ ತಡಮಾಡಿದವರಿಗೆ ಶೇ. 60.

ಈ ಅವಕಾಶ ಕೊಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಬಚ್ಚಿಟ್ಟ ಹಣ ಖಜಾನೆಗೆ ಮರಳಬೇಕಾದರೆ ಹೆದರಿದವರಿಗೆ ಒಂದು ದಾರಿ ಇರಬೇಕು, ಅದು ವ್ಯಾವಹಾರಿಕ ಜಾಣತನ. ಹತ್ತಾರು ವರ್ಷ ತಿಳಿದೂ ತಿಳಿದೂ ಮರೆಮಾಚಿದವರು ಸಹ ತಿದ್ದಿಕೊಳ್ಳಬಲ್ಲರು ಎಂಬ ನಂಬಿಕೆ ಅದರ ಹಿಂದಿತ್ತು. ಸಹಾಯಧನ ಪಡೆಯುವವರ ವಿಷಯದಲ್ಲಿ ಅದೇ ಕಚೇರಿ ಅದೇ ನಂಬಿಕೆಯನ್ನು ತೋರಿಸಿತೇ ಎಂಬುದು ಪ್ರಶ್ನೆ.

ಐಂಡ್‌ಹೋವನ್‌ನಲ್ಲಿ ಡಾಡಿಮ್ ಎಂಬ ಒಂದು ಶಿಶುಪಾಲನಾ ಸಂಸ್ಥೆಯಿತ್ತು. ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಮಹಿಳೆಯರನ್ನೂ ದುಡಿಯುವ ತಂದೆತಾಯಿಗಳನ್ನೂ ಅದು ಜೋಡಿಸುತ್ತಿತ್ತು. ಅದರ ಗ್ರಾಹಕರಲ್ಲಿ ಹೆಚ್ಚಿನವರು ಟರ್ಕಿ ಮುಂತಾದ ಹೊರಮೂಲದ ಕುಟುಂಬಗಳು. ಹೊಸ ತಂಡದ ಹನ್ನೊಂದನೇ ಪ್ರಕರಣ ಈ ಸಂಸ್ಥೆ. ಕಡತಕ್ಕೆ ಅಧಿಕಾರಿಗಳು ಇಟ್ಟ ಗುಟ್ಟಿನ ಹೆಸರು ‘ಹವಾಯಿ’. ಸಂಸ್ಥೆಯ ಮೇಲಿನ ಗುಮಾನಿಗೆ 2014ರಲ್ಲಿ ಸುಮಾರು 300 ಪೋಷಕರ ಸಹಾಯಧನ ಒಮ್ಮೆಗೇ ನಿಂತುಹೋಯಿತು. ಯಾರೊಬ್ಬರ ಮೇಲೂ ಬೇರೆಯಾಗಿ ಆರೋಪ ಸಾಬೀತಾಗಿರಲಿಲ್ಲ. ದಾಖಲೆ ಕಳಿಸಿ ಎಂದರು. ಕಳಿಸಿದರೆ ಸಾಲದು ಎಂದರು. ಯಾವುದು ಸಾಲದು ಎಂದು ಹೇಳಲಿಲ್ಲ.

ಬಲ್ಗೇರಿಯಾದ ಜಾಲಕ್ಕೂ ಈ ಮನೆಗಳಿಗೂ ಸಂಬಂಧವಿರಲಿಲ್ಲ. ಜಾಲದವರು ಗಡಿ ದಾಟಿ ಹೋಗಿದ್ದರು, ಅವರ ಖಾತೆಗಳು ಬರಿದಾಗಿದ್ದವು. ಸರ್ಕಾರದ ಕೈಗೆ ಸಿಗುತ್ತಿದ್ದವರು ಖಾಯಂ ವಿಳಾಸ, ಕೆಲಸ, ಶಾಲೆಗೆ ಹೋಗುವ ಮಕ್ಕಳು ಇದ್ದವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತೇವಲ್ಲ, ಹಾಗಾಯಿತು.

ಬರೆ ಎಷ್ಟು ಆಳವಾಗಿತ್ತೆಂದು ತಿಳಿಯಲು ಕಾನೂನಿನ ಒಂದು ವಿವರ ನೋಡಬೇಕು. ಶಿಶುವಿಹಾರದ ಶುಲ್ಕದಲ್ಲಿ ಒಂದು ಸಣ್ಣ ಪಾಲನ್ನು ಪೋಷಕರೇ ಕಟ್ಟಬೇಕು. ಆ ಪಾಲನ್ನು ಪೂರ್ತಿ ಕಟ್ಟಿದ್ದಕ್ಕೆ ರಸೀದಿ ಇಲ್ಲದಿದ್ದರೆ, ಕೊರತೆ ಕೆಲವು ನೂರು ಯೂರೊ ಇದ್ದರೂ, ಇಡೀ ವರ್ಷದ ಸಹಾಯಧನವನ್ನು ವಾಪಸು ಕೇಳುತ್ತಿದ್ದರು. ಒಂದು ಸಹಿ ಬಿಟ್ಟುಹೋದರೂ ಅಷ್ಟೆ. ಎರಡು ಮೂರು ವರ್ಷದ್ದು ಸೇರಿ ಹತ್ತಾರು ಸಾವಿರ ಯೂರೊ ಬೇಡಿಕೆ ಒಂದೇ ಲಕೋಟೆಯಲ್ಲಿ ಬರುತ್ತಿತ್ತು. ಇದು ಸರಿಯೇ ಎಂದು ಜನ ನ್ಯಾಯಾಲಯಕ್ಕೆ ಹೋದರು. ಆಡಳಿತ ವ್ಯಾಜ್ಯಗಳಲ್ಲಿ ಅಲ್ಲಿ ಕೊನೆಯ ಮಾತು ರಾಜ್ಯಮಂಡಳಿಯದು. ಕಾನೂನು ಹಾಗೆಯೇ ಹೇಳುತ್ತದೆ ಎಂದು ಅದು ವರ್ಷಗಟ್ಟಲೆ ತೆರಿಗೆ ಕಚೇರಿಯ ಪರ ತೀರ್ಪು ಕೊಟ್ಟಿತು.

ಇಷ್ಟು ದೊಡ್ಡ ಸಾಲವನ್ನು ಕಂತಿನಲ್ಲಿ ತೀರಿಸುವ ಅವಕಾಶ ಕಾನೂನಿನಲ್ಲಿತ್ತು. ಆದರೆ ಕಡತದ ಮೇಲೆ ಒಂದು ಚೀಟಿ ಬಿದ್ದಿದ್ದರೆ ಅದೂ ಇಲ್ಲ. ಆ ಚೀಟಿಯ ಡಚ್ ಮಾತನ್ನು ಕನ್ನಡಕ್ಕೆ ತಂದರೆ ‘ಉದ್ದೇಶ/ಘೋರ ನಿರ್ಲಕ್ಷ್ಯ’ ಎಂದಾಗುತ್ತದೆ. ನಡುವಿನ ಆ ಓರೆಗೆರೆಯನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಬೇಕೆಂದೇ ಮೋಸ ಮಾಡಿದವನೂ, ಕಾಗದ ಕಳೆದುಕೊಂಡವನೂ ಅದರ ಎರಡು ಬದಿಗೆ ನಿಂತು ಒಂದೇ ಹೆಸರು ಪಡೆಯುತ್ತಾರೆ. ಯಾರು ಯಾವ ಬದಿಯವರು ಎಂದು ಯಾರೂ ಕೇಳುವುದಿಲ್ಲ. ಆ ಚೀಟಿ ಅಂಟಿಸಿದ್ದಕ್ಕೆ ಬಹಳಷ್ಟು ಕಡತಗಳಲ್ಲಿ ತಕ್ಕ ಆಧಾರವೇ ಇರಲಿಲ್ಲವೆಂದು ಸರ್ಕಾರ ಆಮೇಲೆ ಒಪ್ಪಿಕೊಂಡಿತು. ಸ್ವಿಸ್ ಖಾತೆಯವರಿಗೆ ಹತ್ತು ತಿಂಗಳ ಕಾಲಾವಕಾಶ ಕೊಟ್ಟ ಕಚೇರಿ, ಈ ಪೋಷಕರಿಗೆ ಕಂತನ್ನೂ ನಿರಾಕರಿಸಿತು.

ಯಾರ ಕಡತವನ್ನು ಆರಿಸುತ್ತಿದ್ದರು? ಅರ್ಜಿಗಳಲ್ಲಿ ಯಾವುದು ಅಪಾಯದ್ದು ಎಂದು ಅಂಕ ಕೊಡುವ ಕಂಪ್ಯೂಟರ್ ವ್ಯವಸ್ಥೆಯೊಂದಿತ್ತು, ಅದು ಪರಿಗಣಿಸುವ ಅಂಶಗಳಲ್ಲಿ ಅರ್ಜಿದಾರರು ಡಚ್ ಪ್ರಜೆಯೇ ಅಲ್ಲವೇ ಎಂಬುದೂ ಒಂದಾಗಿತ್ತು. ಎರಡು ದೇಶಗಳ ಪೌರತ್ವವಿದ್ದ ಕಾರಣ 11,000 ಜನರನ್ನು ಹೆಚ್ಚುವರಿ ತಪಾಸಣೆಗೆ ಒಳಪಡಿಸಿದ್ದಾಗಿ 2020ರ ಮೇನಲ್ಲಿ ತೆರಿಗೆ ಕಚೇರಿಯೇ ಹೇಳಿತು. ಇದಲ್ಲದೆ ಮೋಸದ ಗುಮಾನಿಯಿರುವವರ ಹೆಸರನ್ನು ದಾಖಲಿಸುವ ಒಂದು ಕಪ್ಪುಪಟ್ಟಿ ಇತ್ತು. ಅದರಲ್ಲಿ ಸುಮಾರು 2,70,000 ಜನರ ಹೆಸರಿತ್ತು. ತಮ್ಮ ಹೆಸರು ಅಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ತೆಗೆಸುವ ದಾರಿಯೂ ಇರಲಿಲ್ಲ. 2020ರಲ್ಲಿ ಆ ಪಟ್ಟಿಯನ್ನು ನಿಲ್ಲಿಸಿದರು. ಅದಕ್ಕಾಗಿ ದತ್ತಾಂಶ ರಕ್ಷಣಾ ಪ್ರಾಧಿಕಾರ 2022ರಲ್ಲಿ ತೆರಿಗೆ ಕಚೇರಿಗೆ 37 ಲಕ್ಷ ಯೂರೊ ದಂಡ ಹಾಕಿತು. ಬಲ್ಗೇರಿಯಾದ ಜಾಲ ಕದ್ದದ್ದು ಎನ್ನಲಾದ ಮೊತ್ತಕ್ಕೆ ಅದು ಹೆಚ್ಚುಕಡಿಮೆ ಸಮ.

ಲಕೋಟೆ ತಲುಪಿದ ಮನೆಗಳಲ್ಲಿ ಏನಾಯಿತು ಎಂಬುದನ್ನು ಸಂಸತ್ತಿನ ಸಮಿತಿಯೂ ಪತ್ರಿಕೆಗಳೂ ದಾಖಲಿಸಿವೆ. ಸಂಬಳ ಜಪ್ತಿಯಾಯಿತು, ಕಾರು ಹೋಯಿತು, ಮನೆ ಹೋಯಿತು. ಶಿಶುವಿಹಾರಕ್ಕೆ ದುಡ್ಡಿಲ್ಲದೆ ತಾಯಂದಿರು ಕೆಲಸ ಬಿಟ್ಟರು, ಕೆಲಸ ಬಿಟ್ಟದ್ದರಿಂದ ಸಾಲ ಬೆಳೆಯಿತು. ಮದುವೆಗಳು ಮುರಿದವು. ಈ ಹಗರಣಕ್ಕೆ ಸಿಕ್ಕಿದ ಕುಟುಂಬಗಳ ಸಾವಿರಕ್ಕೂ ಹೆಚ್ಚು ಮಕ್ಕಳನ್ನು 2015ರಿಂದ 2020ರ ನಡುವೆ ಮನೆಯಿಂದ ತೆಗೆದು ಬೇರೆಡೆ ಇರಿಸಲಾಗಿತ್ತು ಎಂದು ಅಲ್ಲಿನ ಅಂಕಿಅಂಶ ಇಲಾಖೆ ಲೆಕ್ಕ ಕೊಟ್ಟಿದೆ. ಪ್ರತಿಯೊಂದಕ್ಕೂ ಸಾಲವೇ ಕಾರಣ ಎನ್ನಲಾಗದು. ಆದರೆ ಸಾಲ ಮನೆಯನ್ನು ಏನು ಮಾಡುತ್ತದೆ ಎಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಗಂಟು ಬಿಚ್ಚಿದ್ದು ನಿಧಾನವಾಗಿ. ಡಾಡಿಮ್ ನಡೆಸುತ್ತಿದ್ದವರ ಪತ್ನಿ ಇವಾ ಗೊನ್ಸಾಲೆಸ್ ಪೆರೆಸ್ ವಕೀಲೆ, ಸ್ಪೇನ್ ಮೂಲದವರು. ಅವರು ಒಂದೊಂದು ಕುಟುಂಬದ ಪರವಾಗಿ ಹೋರಾಡಿದರು. 2017ರಲ್ಲಿ ರಾಷ್ಟ್ರೀಯ ಲೋಕಪಾಲರ ವರದಿ ತೆರಿಗೆ ಕಚೇರಿ ಮಾಡಿದ್ದು ಅನ್ಯಾಯ ಎಂದಿತು. ಅದೇ ವರ್ಷ ತೆರಿಗೆ ಕಚೇರಿಯ ಒಳಗಿನ ಕಾನೂನು ತಜ್ಞೆ ಸಾಂಡ್ರಾ ಪಾಲ್ಮೆನ್ ಮೇಲಧಿಕಾರಿಗಳಿಗೆ ಟಿಪ್ಪಣಿ ಬರೆದು, ನಾವು ತಪ್ಪು ಮಾಡಿದ್ದೇವೆ, ಪರಿಹಾರ ಕೊಡಬೇಕು ಎಂದಿದ್ದರು. ಟಿಪ್ಪಣಿ ಮೂಲೆ ಸೇರಿತು, ಹೊರಬರಲು ಮೂರು ವರ್ಷ ಹಿಡಿಯಿತು. ಸಂಸದರಾದ ಪೀಟರ್ ಓಮ್ಟ್ಸಿಖ್ಟ್ ಮತ್ತು ರೆನ್ಸ್ಕೆ ಲೈಟನ್ ಪಟ್ಟು ಬಿಡದೆ ಪ್ರಶ್ನೆ ಕೇಳಿದರು. ಮೊದಲನೆಯವರು ಆಳುವ ಪಕ್ಷದವರು, ಎರಡನೆಯವರು ವಿರೋಧ ಪಕ್ಷದವರು. ಟ್ರೌ ಪತ್ರಿಕೆ ಮತ್ತು ಆರ್‌ಟಿಎಲ್ ಸುದ್ದಿವಾಹಿನಿಯ ವರದಿಗಾರರು ಕಡತಗಳನ್ನು ಹೊರಗೆಳೆದರು.

2019ರ ಡಿಸೆಂಬರಿನಲ್ಲಿ, ನಮ್ಮ ಮೇಲೆ ಏನು ಆರೋಪವಿದೆ ತೋರಿಸಿ ಎಂದು ಕೇಳಿದ ಪೋಷಕರಿಗೆ ಅವರ ಕಡತಗಳನ್ನು ಕೊಟ್ಟರು. ಪುಟದ ಮೇಲೆ ಪುಟ ಕಪ್ಪು ಬಳಿದಿತ್ತು. ಕಪ್ಪು ಹಣದವರ ಗುಟ್ಟು, ಕಪ್ಪುಪಟ್ಟಿಯ ಗುಟ್ಟು, ಈಗ ತಮ್ಮದೇ ಕಥೆಯೂ ಕಪ್ಪು. ಆ ಹಾಳೆಗಳನ್ನು ಹಿಡಿದ ಪೋಷಕರ ಚಿತ್ರ ದೇಶದ ಮನಸ್ಸು ಬದಲಿಸಿತು. ಅದೇ ತಿಂಗಳು ವೇಕರ್ಸ್ ಅವರ ಕುರ್ಚಿಯಲ್ಲಿದ್ದ ಮೆನ್ನೋ ಸ್ನೆಲ್ ರಾಜೀನಾಮೆ ಕೊಟ್ಟರು. ಅದಕ್ಕೆ ಸ್ವಲ್ಪ ಮುಂಚೆ, ಅಕ್ಟೋಬರಿನಲ್ಲಿ, ರಾಜ್ಯಮಂಡಳಿ ತನ್ನ ಹಳೆಯ ನಿಲುವು ಬಿಟ್ಟು, ಕೊರತೆಗೆ ತಕ್ಕಷ್ಟು ಮಾತ್ರ ವಸೂಲಿ ಮಾಡಬಹುದು ಎಂದಿತು. ಕಾನೂನು ಅಕ್ಷರವೂ ಬದಲಾಗಿರಲಿಲ್ಲ, ಓದುವ ರೀತಿ ಬದಲಾಗಿತ್ತು.

2020ರ ಡಿಸೆಂಬರ್ 17ರಂದು ಬಂದ ಸಂಸದೀಯ ಸಮಿತಿಯ ವರದಿಯ ಹೆಸರೇ ‘ಕಂಡರಿಯದ ಅನ್ಯಾಯ’ ಎಂದು. ಅದು ತೆರಿಗೆ ಕಚೇರಿಯ ಜೊತೆಗೆ ಮಂತ್ರಿಗಳನ್ನೂ, ಬಿಗಿ ಕಾನೂನು ಬೇಡಿದ ಸಂಸತ್ತನ್ನೂ, ನ್ಯಾಯಾಧೀಶರನ್ನೂ ಹೊಣೆ ಮಾಡಿತು. 2021ರ ಜನವರಿ 15ರಂದು ರುಟ್ಟೆ ಸಂಪುಟ ರಾಜೀನಾಮೆ ಕೊಟ್ಟಿತು. ಎರಡು ತಿಂಗಳ ನಂತರದ ಚುನಾವಣೆಯಲ್ಲಿ ರುಟ್ಟೆ ಮತ್ತೆ ಗೆದ್ದರು. ಪ್ರತಿ ಸಂತ್ರಸ್ತ ಪೋಷಕರಿಗೆ 30,000 ಯೂರೊ ಪರಿಹಾರ ಘೋಷಣೆಯಾಯಿತು. ಅರ್ಹರ ಸಂಖ್ಯೆ ಹತ್ತಾರು ಸಾವಿರ ದಾಟಿತು. ಮೂಲೆ ಸೇರಿದ ಟಿಪ್ಪಣಿ ಬರೆದಿದ್ದ ಸಾಂಡ್ರಾ ಪಾಲ್ಮೆನ್ 2024ರ ಕೊನೆಗೆ ಇದೇ ಪರಿಹಾರದ ಹೊಣೆ ಹೊತ್ತ ಮಂತ್ರಿಯಾದರು. ಇಡೀ ಕಥೆಯಲ್ಲಿ ಮನಸ್ಸಿಗೆ ಹಿತವಾಗುವ ವಿವರ ಬಹುಶಃ ಇದೊಂದೇ.

ವೇಕರ್ಸ್ ಏನಾದರು ಎಂದು ಕೇಳಬಹುದು. ಮೋಸ ತಡೆಯಲೆಂದು ಪ್ರತಿಯೊಬ್ಬರಿಗೂ ಒಂದೇ ಬ್ಯಾಂಕ್ ಖಾತೆಗೆ ಹಣ ಹಾಕುವ ನಿಯಮ ತಂದರು. ಅದರ ಗೊಂದಲದಲ್ಲಿ ಸಾವಿರಾರು ಪ್ರಾಮಾಣಿಕರಿಗೆ ಸಹಾಯಧನ ತಡವಾಯಿತು. ಅದಕ್ಕಾಗಿ 2014ರ ಜನವರಿಯಲ್ಲಿ ಅಧಿಕಾರ ಬಿಟ್ಟರು.

ಈಗ ನನ್ನ ಭಾವನ ಸಂಬಳದ ಚೀಟಿಗೆ ಮರಳೋಣ. ಶೇ. 30ರ ಸವಲತ್ತಿನ ಜೊತೆ ಎಕ್ಸ್‌ಪ್ಯಾಟ್‌ಗಳಿಗೆ ಇನ್ನೊಂದು ಆಯ್ಕೆಯಿತ್ತು. ಅಲ್ಲೇ ವಾಸವಿದ್ದರೂ, ಉಳಿತಾಯ ಮತ್ತು ಹೂಡಿಕೆಯ ತೆರಿಗೆಯ ಮಟ್ಟಿಗೆ ತಮ್ಮನ್ನು ಅನಿವಾಸಿ ಎಂದು ಪರಿಗಣಿಸಿ ಎಂದು ಕೇಳಿಕೊಳ್ಳಬಹುದಿತ್ತು. ಆಗ ಬೆಂಗಳೂರಿನ ಬ್ಯಾಂಕಿನಲ್ಲಿರುವ ಠೇವಣಿಗೆ ಅಲ್ಲಿ ತೆರಿಗೆಯಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. 2025ರಿಂದ ಈ ಆಯ್ಕೆ ಹೋಗಿದೆ, ಹಳಬರಿಗೆ ಮಾತ್ರ 2026ರ ಕೊನೆಯವರೆಗೆ ಇದೆ. ಪರದೇಶದ ಬ್ಯಾಂಕಿನಲ್ಲಿ ಹಣವಿಟ್ಟು ಡಚ್ ತೆರಿಗೆ ಕಚೇರಿಗೆ ತಿಳಿಸದಿರುವುದು ಒಬ್ಬರಿಗೆ ಕಾನೂನು ಕೊಟ್ಟ ಆಯ್ಕೆ. ಡಚ್ ಉದ್ಯಮಿಗೆ ಅದು ತೆರಿಗೆಗಳ್ಳತನ, ಆದರೂ 2014ರ ಜುಲೈವರೆಗೆ ದಂಡವಿಲ್ಲ. ಶಿಶುವಿಹಾರದ ರಸೀದಿ ಕಳೆದ ತಾಯಿಗೆ ಮಾತ್ರ ಯಾವ ದಾರಿಯೂ ಇರಲಿಲ್ಲ.

ನನ್ನ ಭಾವ ಏನೂ ತಪ್ಪು ಮಾಡಿಲ್ಲ. ಅವನಂಥ ನೌಕರರು ಬೇಕಾದ ದೇಶ ರಿಯಾಯಿತಿ ಕೊಟ್ಟು ಕರೆದರೆ ಅದು ದೇಶದ ಲೆಕ್ಕಾಚಾರ. ಆದರೆ 1964ರಲ್ಲಿ ಕರೆಸಿಕೊಂಡವರೂ ಬೇಕಾದವರೇ ಆಗಿದ್ದರು. ಬೇಕಾದಾಗ ಅತಿಥಿ, ಬೇಡವಾದಾಗ ಪರದೇಶಿ ಆಗುವುದಕ್ಕೆ ಒಂದು ತಲೆಮಾರು ಸಾಕಾಯಿತು.

ಇದು ಡಚ್ಚರ ದೋಷ ಎಂದು ನಾವು ಎದೆ ಉಬ್ಬಿಸುವಂತಿಲ್ಲ. 1997ರಲ್ಲಿ ನಮ್ಮ ಸರ್ಕಾರ ಸ್ವಯಂಪ್ರೇರಿತ ಆದಾಯ ಘೋಷಣೆಯ ಯೋಜನೆ ತಂದು, ಬಚ್ಚಿಟ್ಟ ಆದಾಯಕ್ಕೆ ಶೇ. 30 ತೆರಿಗೆ ಕಟ್ಟಿದರೆ ದಂಡವೂ ವಿಚಾರಣೆಯೂ ಇಲ್ಲ ಎಂದಿತು. ಸುಮಾರು 33,000 ಕೋಟಿ ರೂಪಾಯಿ ಆದಾಯ ಹೊರಬಂತು. ಇನ್ನೊಂದು ಕಡೆ, ಹೈದರಾಬಾದಿನ ಓದುಗರಿಗೆ ನೆನಪಿರಬಹುದು, ಕಂಪ್ಯೂಟರ್ ಹೊಂದಾಣಿಕೆಯಲ್ಲಿ ಅನರ್ಹರೆಂದು ತೋರಿದವರ ರೇಷನ್ ಕಾರ್ಡುಗಳನ್ನು ತೆಲಂಗಾಣ ಸರ್ಕಾರ ರದ್ದು ಮಾಡಿತ್ತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಸುಮಾರು 19 ಲಕ್ಷ ಕಾರ್ಡುಗಳನ್ನು ಮನೆಮನೆಗೆ ಹೋಗಿ ಮರುಪರಿಶೀಲಿಸಿ ಎನ್ನಬೇಕಾಯಿತು. ಪರಸ್ಥಳದಲ್ಲಿ ಬಾಡಿಗೆ ಮನೆಯಲ್ಲಿರುವ ನಮಗೆಲ್ಲ ವಿಳಾಸದ ದಾಖಲೆ ಎಂಬ ಮಾತು ಕೇಳಿದರೆ ಎದೆ ಸ್ವಲ್ಪ ಢವಗುಟ್ಟುವುದುಂಟು. ಓದುಬರಹ ಬಲ್ಲವರಿಗೇ ಹೀಗಾದರೆ ಉಳಿದವರ ಪಾಡನ್ನು ಊಹಿಸಿಕೊಳ್ಳಬಹುದು.

ಮೋಸ ಇಲ್ಲವೆಂದು ವಾದಿಸುವವರು ಈ ಕಥೆಯಿಂದ ಏನೂ ಕಲಿಯುವುದಿಲ್ಲ. ಬಲ್ಗೇರಿಯಾದ ಜಾಲ ನಿಜವಾಗಿತ್ತು, ಸ್ವಿಸ್ ಖಾತೆಗಳೂ ನಿಜವಾಗಿದ್ದವು. ಒಂದೇ ವರ್ಷದಲ್ಲಿ ಎರಡಕ್ಕೂ ಉತ್ತರ ಹುಡುಕಿದ ಸರ್ಕಾರ, ಶ್ರೀಮಂತರ ವಿಷಯದಲ್ಲಿ ತಪ್ಪು ತಿದ್ದಿಕೊಳ್ಳಲು ಬಿಡುವುದು ಲಾಭ ಎಂದು ಕಂಡುಕೊಂಡಿತು. ಆ ತಿಳಿವಳಿಕೆ ಬಡವರ ಕಡತಗಳಿಗೂ ತಲುಪಿದ್ದರೆ ಹವಾಯಿ ಎಂಬ ಹೆಸರು ಇವತ್ತಿಗೂ ಒಂದು ದ್ವೀಪದ ಹೆಸರಷ್ಟೇ ಆಗಿರುತ್ತಿತ್ತು.

ಭಾವನ ಮಗಳು ಈಗ ಐಂಡ್‌ಹೋವನ್‌ನಲ್ಲೇ ಶಿಶುವಿಹಾರಕ್ಕೆ ಹೋಗುತ್ತಾಳೆ. ಗಂಡಹೆಂಡತಿ ಇಬ್ಬರೂ ದುಡಿಯುವುದರಿಂದ ಅವರಿಗೂ ಆ ಸಹಾಯಧನ ಬರುತ್ತದೆ. ತೆರಿಗೆ ಬೀಳುವ ಆದಾಯ ಕಡಿಮೆ ಕಾಣುವುದರಿಂದ ಸ್ವಲ್ಪ ಹೆಚ್ಚೇ ಬರುತ್ತದೆ ಎಂದು ಅವನೇ ನಕ್ಕು ಹೇಳಿದ್ದ. ಹೋದ ವರ್ಷ ಅವನು ಗಂಟೆಗಳ ಲೆಕ್ಕ ತಪ್ಪು ಬರೆದಿದ್ದ. ಹೆಚ್ಚಾಗಿ ಬಂದ ಕೆಲವು ನೂರು ಯೂರೊ ಮರಳಿಸಿ ಎಂದು ಪತ್ರ ಬಂತು. ಕಷ್ಟವಾದರೆ ಕಂತಿನಲ್ಲಿ ಕೊಡಬಹುದು, ಸಂದೇಹವಿದ್ದರೆ ಈ ನಂಬರಿಗೆ ಫೋನ್ ಮಾಡಿ ಎಂದು ಅದರಲ್ಲಿತ್ತು.

‘ಎಷ್ಟು ಮರ್ಯಾದೆಯಿಂದ ಬರೆದಿದ್ದಾರೆ ನೋಡು’ ಎಂದು ಪತ್ರದ ಫೋಟೋ ಕಳಿಸಿದ್ದ. ಹತ್ತು ವರ್ಷ ಮುಂಚೆ ಅದೇ ಊರಿನ 300 ಮನೆಗಳಿಗೆ ಬಂದ ಪತ್ರಗಳ ವಿಷಯ ಅವನಿಗೆ ಗೊತ್ತಿರಲಿಲ್ಲ. ಅವತ್ತು ರಾತ್ರಿ ಕುಳಿತು ಅವನಿಗೆ ಈ ಕಥೆ ಬರೆದು ಕಳಿಸಿದೆ. ನೀವು ಓದಿದ್ದು ಅದರ ವಿಸ್ತರಣೆ.